ಕೆರೆಯ ದಡದಲ್ಲಿ ಬಿಚ್ಚಿದ ಬೂಟು

ಮೊನ್ನೆ ಶುಕ್ರವಾರ ದೋಹಾದ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಂಡೆ. ಅಂಗಡಿಯವನು ಚೀಲಕ್ಕೆ ಒಂದಷ್ಟು ಪುಡಿ ಐಸು ಸುರಿದ. ಬೆರಳು ಮರಗಟ್ಟಿದ್ದೇ ತಡ, ಸ್ವೀಡನ್ನಿನ ಓಸ್ಟರ್‌ಸುಂಡ್ ನೆನಪಾಯಿತು. ಬಂಗುಡೆಯಿಂದ ಸ್ವೀಡನ್ನಿಗೆ ಇದೆಂಥ ದಾರಿ ಎಂದು ನೀವು ಕೇಳಬಹುದು. ನನ್ನ ಹೆಂಡತಿಯ ಪರಿಚಯವಾದರೆ ಕೇಳಲಾರಿರಿ.

ಅವಳ ಹೆಸರು ಜಲಜ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ ಈ ಜಲಜೆಗೆ ನೀರೆಂದರೆ ಜೀವಭಯ. ಚಿಕ್ಕವಳಿದ್ದಾಗ ಉಡುಪಿ ಕಡೆಯ ಹೊಳೆಯೊಂದರಲ್ಲಿ ಇವಳಿದ್ದ ದೋಣಿ ಮಗುಚಿತು. ಇವಳನ್ನು ಯಾರೋ ಎಳೆದು ದಡಕ್ಕೆ ಹಾಕಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಬದುಕಲಿಲ್ಲ. ಅಂದಿನಿಂದ ಇವಳು ಹೊಳೆಗಾಗಲಿ ಕಡಲಿಗಾಗಲಿ ಕಾಲಿಟ್ಟಿರಲಿಲ್ಲ. ದೋಹಾದ ಕಡಲಂಚಿನ ಕಾರ್ನಿಶ್ ರಸ್ತೆಯಲ್ಲಿ ಸಂಜೆ ನಡೆಯುವಾಗಲೂ ಕಡಲಿನ ಬದಿಗೆ ನಾನೇ ಇರಬೇಕಿತ್ತು. ತಡೆಗೋಡೆಯ ಕೆಲಸಕ್ಕೆ ನನ್ನ ಹೊಟ್ಟೆ ಹೇಳಿ ಮಾಡಿಸಿದಂತಿದೆ.

ಲುಸೈಲಿನ ನಮ್ಮ ಆಫೀಸಿನಲ್ಲಿದ್ದ ಸ್ವೀಡನ್ನಿನವನೊಬ್ಬ ತನ್ನೂರು ಓಸ್ಟರ್‌ಸುಂಡ್‌ನ ಫೋಟೋ ಕಳಿಸಿದ್ದ. ಅದನ್ನು ಇವಳಿಗೆ ತೋರಿಸಿದೆ.

"ಇದು ಕೆರೆಯಾ? ಮೇಲೆ ಜನ ನಿಂತಿದ್ದಾರಲ್ಲ."

"ಹೆಪ್ಪುಗಟ್ಟಿದೆ. ಮುಳುಗುದಿಲ್ಲ."

ಅವಳು ತುಂಬ ಹೊತ್ತು ನೋಡಿದಳು. "ಹಾಗಾದ್ರೆ ನಾನು ಅಲ್ಲಿಂದ ಶುರು ಮಾಡ್ತೇನೆ. ಹೆದರಿ ಹೆದರಿ ಸಾಕಾಯ್ತು ಮಾರಾಯ್ರೆ. ಖಲಾಸ್."

ಚಳಿ, ವೀಸಾ, ಮಂಡಿನೋವು ಎಂದು ನಾನು ರಾಗ ಎಳೆದೆ. ಅವಳದು ಉಡದ ಪಟ್ಟು. ಫೆಬ್ರವರಿಯಲ್ಲಿ ಹೋದೆವು.

ಆ ಕೆರೆಯ ಹೆಸರಿಗೆ ದೊಡ್ಡ ಕೆರೆ ಎಂದೇ ಅರ್ಥವಂತೆ. ಊರಿಗೆ ಊರೇ ಅದರ ಮೇಲಿತ್ತು: ಸ್ಕೇಟಿಂಗ್ ಮಾಡುವವರು, ನಾಯಿ ಹಿಡಿದು ಅಡ್ಡಾಡುವವರು, ಕುರ್ಚಿಯ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿದಂಥ ಜಾರುಬಂಡಿ ತಳ್ಳುವ ಅಜ್ಜಿಯರು. ನಾನು ಬಾಯಿ ಬಿಟ್ಟು ನೋಡುತ್ತಿದ್ದರೆ ಇವಳು ದಡದ ಬೆಂಚಿನಲ್ಲಿ ಕೂತು ಬೂಟು ಬಿಚ್ಚುತ್ತಿದ್ದಳು.

"ಎಂತ ಮಾಡ್ತಾ ಇದ್ದಿ?"

"ಮತ್ತೆ? ಚಪ್ಪಲಿ ಹಾಕ್ಕೊಂಡು ನೀರಿಗೆ ಇಳಿಲಿಕ್ಕೆ ಉಂಟಾ?"

ಚಪ್ಪಲಿ ಕಳಚಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಇಳಿಯುವುದು ಅವಳ ಮನೆಯ ಕ್ರಮ. ಗಟ್ಟಿಯಾದರೇನು, ಅವಳಿಗೆ ಅದು ನೀರೇ. ಕಾಲ್ಚೀಲಕ್ಕೂ ಕೈ ಹಾಕಿದ್ದಳು. ಅಷ್ಟರಲ್ಲಿ ಅಜ್ಜಿಯೊಬ್ಬಳು ಜಾರುಬಂಡಿ ನಿಲ್ಲಿಸಿ "ನೋ, ನೋ, ಶೂಸ್" ಎನ್ನುತ್ತ ತಾನೇ ಮಂಡಿಯೂರಿ ಬೂಟು ತೊಡಿಸಿ ಲೇಸು ಕಟ್ಟಿದಳು.

ಜಲಜ ಕೈಗವಸು ತೆಗೆದು ಐಸು ಮುಟ್ಟಿ ಕಣ್ಣಿಗೊತ್ತಿಕೊಂಡಳು. ರಕ್ಷಣೆಗೆಂದು ನಾನು ಅವಳ ಕೈ ಹಿಡಿದೆ. ಎರಡನೇ ಹೆಜ್ಜೆಗೆ ನಾನೇ ಅಂಗಾತ ಬಿದ್ದೆ. "ಯಲ್ಲಾ, ಏಳಿ" ಎಂದು ದೋಹಾದ ಅರಬಿಯಲ್ಲಿ ಅವಸರಿಸಿದವಳು ನಾನು ಏಳುವುದನ್ನು ಕಾಯದೆ ಒಬ್ಬಳೇ ನಡೆದಳು. ದೂರದಲ್ಲಿ ಒಂದು ಕಡೆ ನಿಂತಳು. ಮರಳಿ ಬಂದಾಗ ಕಣ್ಣು ಕೆಂಪಾಗಿತ್ತು.

"ಅಕ್ಕನ ಹತ್ರ ಮಾತಾಡಿ ಬಂದೆ" ಎಂದಳು.

ಮೊನ್ನೆ ಬಂಗುಡೆ ತಂದುಕೊಟ್ಟೆನಲ್ಲ, ಅವಳು ಚೀಲವನ್ನು ಹಾಗೇ ಫ್ರಿಡ್ಜಿಗೆ ತಳ್ಳಿದಳು. "ಸಾರು ಆಮೇಲೆ. ಶಮಾಲಿಗೆ ಹೋಗುವ, ಕಡಲಿಗೆ."

ದೋಹಾದ ಉತ್ತರಕ್ಕಿರುವ ಅಲ್ ಶಮಾಲಿನ ದಡದಲ್ಲಿ ತೆರೆ ಸಣ್ಣಗೆ ಬಂದು ಹೋಗುತ್ತಿತ್ತು. ಅವಳು ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಿ ಬಿಚ್ಚಬಹುದಲ್ಲ?"

ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು ಇಳಿದಳು. ದಡದಗುಂಟ ಇಬ್ಬರೂ ನಡೆದೆವು. ಕಡಲಿನ ಬದಿಗೆ ಅವಳಿದ್ದಳು.