ಶಾಂತವ್ವ ಹೇಳಿದ ಇನ್ನರ್ಧ

ಗೆಳೆಯರೇ, ಇವತ್ತು ಒಬ್ಬ ಮುದುಕಿಯ ಅರ್ಧ ಮಾತನ್ನು ನುಂಗಿ ಬಂದಿದ್ದೇನೆ.

ನಾವಿರುವ ಈ ತೆಲುಗು ಊರಿನಲ್ಲಿ, ಸನತ್‌ನಗರದ ಕಡೆ ಸರ್ಕಾರದ ಒಂದು ವೃದ್ಧಾಶ್ರಮವಿದೆ. ನಡೆಸುವುದು ಗುತ್ತಿಗೆ ಪಡೆದ ಖಾಸಗಿ ಕಂಪನಿ. ನಮ್ಮ ಚಿಗವ್ವ ಅಲ್ಲಿದ್ದಾಳೆ. ಅವಳನ್ನು ನೋಡಲು ಹೋದಾಗಲೇ ತಪಾಸಣೆಗೆ ಅಧಿಕಾರಿ ಬಂದಿದ್ದರು. ಪಕ್ಕದ ಮಂಚದ ಶಾಂತವ್ವ ಎಲ್ಲದಕ್ಕೂ ಕನ್ನಡದಲ್ಲೇ ಉತ್ತರಿಸುತ್ತಿದ್ದುದರಿಂದ, ಅದನ್ನು ತೆಲುಗಿನಲ್ಲಿ ಹೇಳಲು ನನ್ನನ್ನು ಕರೆದರು. ಕಂಪನಿಯ ಮ್ಯಾನೇಜರ್ ಅಲ್ಲೇ ಕೈಕಟ್ಟಿ ನಿಂತಿದ್ದ.

“ಊಟ ಛಲೋ ಕೊಡ್ತಾರವ್ವಾ. ಆದ್ರ ಸಂಜಿ ಐದರ ಮ್ಯಾಲ ನೀರು ಕೊಡಂಗಿಲ್ಲ. ಮತ್ತ ಮತ್ತ ಬಚ್ಚಲಕ್ಕ ಕರ್ಕೊಂಡು ಹೋಗೋರು ಯಾರು ಅಂತಾರ,” ಎಂದಳು.

ನಾನು ಮ್ಯಾನೇಜರನ ಮುಖ ನೋಡಿದೆ. ನಾನು ಮನೆಗೆ ಹೋದ ಮೇಲೆ ಚಿಗವ್ವ ಇವನ ಕೈಯಲ್ಲೇ ಇರಬೇಕಲ್ಲ ಅನ್ನಿಸಿತು.

“ಊಟ ಚೆನ್ನಾಗಿದೆಯಂತೆ ಸರ್,” ಎಂದು ತೆಲುಗಿನಲ್ಲಿ ಹೇಳಿ ಸುಮ್ಮನಾದೆ. ಅಧಿಕಾರಿ ಬರೆದುಕೊಂಡು, ನನ್ನಿಂದ ಸಹಿ ಹಾಕಿಸಿ ಹೊರಟರು. ಮ್ಯಾನೇಜರ್ ಅವರ ಹಿಂದೆಯೇ ಹೋದ.

ಶಾಂತವ್ವ ನನ್ನ ಕೈ ಹಿಡಿದಳು. “ನಲವತ್ತು ವರ್ಷ ಇದೇ ಊರಾಗ ಇಟ್ಟಂಗಿ ಹೊತ್ತೀನಿ. ನನಗ ತೆಲುಗು ಬರಂಗಿಲ್ಲೇನು ಯವ್ವಾ? ಅಂವಗ ತಿಳೀಬಾರದಂತ ಕನ್ನಡದಾಗ ಹೇಳಿದೆ. ನೀ ಸಾಹೇಬರನ್ನ ಹೊರಗ ಕರದು ಹೇಳ್ತಿ ಅಂದ್ಕೊಂಡಿದ್ದೆ.”

ಗೇಟಿನವರೆಗೆ ಓಡಿದೆ. ಜೀಪು ಹೋಗಿಯಾಗಿತ್ತು.

ವರದಿಯಲ್ಲಿ ‘ದೂರುಗಳಿಲ್ಲ’ ಎಂದಿದೆ. ಅನುವಾದ ಸರಿಯಾಗಿದೆ ಎಂದು ಅದರ ಕೆಳಗೆ ಸಹಿ ಹಾಕಿದವಳು ನಾನೇ.