ಓಜೆಲ್ಲಾ ಅಂಟಿಸಿದ ಸ್ಪೀಕರು

ಷಿಕಾಗೋದ ನಮ್ಮ ಚರ್ಚಿನ ಹೆಂಗಸರ ಟೋಪಿಗಳನ್ನೆಲ್ಲ ಸರಿಮಾಡಿಕೊಡುತ್ತಿದ್ದವಳು ಓಜೆಲ್ಲಾ. ಹರಿದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಶನಿವಾರ ಚರ್ಚು ಗುಡಿಸುವಾಗ, ಗಿಟಾರ್ ನುಡಿಸುವ ರೂಫಸನ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಸದ್ದು ಹೊರಡಿಸುವ ಸ್ಪೀಕರಿನ ಕಾಗದದ ಪರದೆ ಹರಿದಿರುವುದು ಕಣ್ಣಿಗೆ ಬಿತ್ತು. ಪಾಪ ಎಂದುಕೊಂಡು, ತೆಳುಕಾಗದ ಇಟ್ಟು, ಟೋಪಿಯ ಅಂಟು ಬಳಿದು, ಹರಕು ಕಾಣದಂತೆ ಮುಚ್ಚಿದಳು.

ಮರುದಿನ ರೂಫಸ್ ತಂತಿ ಮೀಟಿದರೆ, ಪ್ರತಿ ಭಾನುವಾರ ನಮ್ಮನ್ನು ಬೆಂಚಿನಿಂದ ಎಬ್ಬಿಸಿ ಕುಣಿಸುತ್ತಿದ್ದ ಆ ಗೊಗ್ಗರು ದನಿಯೇ ಇಲ್ಲ. ನುಣ್ಣನೆಯ ಸದ್ದು ಬಂತು. ಯಾರೂ ಏಳಲಿಲ್ಲ.

"ಯಾರ್ರೀ ನನ್ನ ಪೆಟ್ಟಿಗೆಗೆ ಕೈ ಹಾಕ್ದೋರು? ಲಾರಿಯಿಂದ ಬಿದ್ದು ಹರಿದ ಮೇಲೇ ಅದಕ್ಕೆ ಗಂಟಲು ಬಂದಿದ್ದು!" ಎಂದ.

ನನ್ನ ಪಕ್ಕದಲ್ಲಿದ್ದ ಓಜೆಲ್ಲಾ ಎದ್ದು ನಿಂತಳು. "ನಾನೇ ಕಣೋ. ಬ್ಲೇಡ್ ಕೊಡು, ಬಿಚ್ಚಿಬಿಡ್ತೀನಿ."

"ಅದೇನು ಹೊಲಿಗೆನಾ ಅಕ್ಕಾ, ಬಿಚ್ಚೋಕೆ? ಆ ದನಿ ಇನ್ನು ಬರಲ್ಲ ಬಿಡು."

ಹಿಂದಿನಿಂದ ಯಾರೋ, "ಪಾದ್ರಿಗಳೇ ಹುಷಾರು, ನಾಳೆ ನಿಮ್ಮ ಬಾಯಿಗೂ ಅಂಟು ಹಾಕ್ತಾಳೆ!" ಎಂದರು. ಎಲ್ಲರೂ ನಕ್ಕರು.

ಕೂರಲೆಂದು ನಾನು ಸೆರಗು ಹಿಡಿದಂತೆ ಅವಳ ಕೋಟು ಹಿಡಿದು ಜಗ್ಗಿದೆ. ಅವಳಿಗೆ ಕೂರಲೂ ನಾಚಿಕೆ. ರೂಫಸ್ ಮತ್ತೆ ನುಡಿಸತೊಡಗಿದ. ಆ ನುಣ್ಣನೆಯ ಹಾಡು ಮುಗಿಯುವವರೆಗೆ ಇಡೀ ಚರ್ಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ಅವಳೊಬ್ಬಳೇ.