ಹೊಟ್ಟೆಪ್ಪ ನುಂಗಿದ ತುತ್ತು

ಭೂತ-ಪಿಶಾಚಿ ಕತಿ ಹೇಳಾಕ ಬಂದವರನ್ನ ನಾನು ಚಹಾನೂ ಕೊಡದ ಎಬ್ಬಿಸಿ ಕಳಸಾಕಿ. ಅಂಥಾಕಿ ಈಗ ಇದನ್ನ ಬರಿಯಾಕ ಕುಂತೀನಿ. ನಗ್ರಿ, ಬ್ಯಾಡ ಅನ್ನೂದಿಲ್ಲ. ಉಣ್ಣೂ ಹೊತ್ತಿನ್ಯಾಗ ಮಾತ್ರ ಓದಬ್ಯಾಡ್ರಿ.

ನನ್ನ ತಮ್ಮ ಶೇಖರ ಕವಿ. ಹಾಡ್ತಾನ, ಏಕತಾರಿ ಬಾರಸ್ತಾನ, ಗೊಂಬಿ ಆಡಸ್ತಾನ. ಎಲ್ಲಾ ಪ್ರಯೋಗ ಅಂತ! ಕುಕ್ಕರಿನ ಸೀಟಿ, ಸಿಟಿ ಬಸ್ಸಿನ ಬ್ರೇಕು, ಮಂದಿ ತೇಗೂದು, ಎಲ್ಲಾ ಅವನ ಕವಿತಾದಾಗ ಬರ್ತಾವು. ಮದುವಿ ಆಗಲಿಲ್ಲ, ಬೆಳಗಾವಿ ಶಹಾಪುರದಾಗ ನಮ್ಮ ಮನ್ಯಾಗ ಇರ್ತಾನ. ಅವನ ದೊಡ್ಡ ಪ್ರಯೋಗ ಅಂದ್ರ ಹೊಟ್ಟೆಪ್ಪ, ಅಗಲ ಬಾಯಿನ ಕಟ್ಟಿಗಿ ಗೊಂಬಿ. ಆಟ ನೋಡಾಕ ಬಂದವರು ತಾವು ತಿನ್ನೂದ್ರಾಗಿಂದ ಒಂದು ತುತ್ತು ಅದರ ಬಾಯಾಗ ಹಾಕಬೇಕು. ಹಾಕಿದ್ದರ ಮ್ಯಾಲೆ ಶೇಖರ ಅಲ್ಲೇ ಹಾಡು ಕಟ್ಟಿ ಹಾಡ್ತಿದ್ದ. ಗೊಂಬಿ ಗಂಟಲಿನ ಕೆಳಗ ಒಂದು ಬಟ್ಟಿ ಚೀಲ, ತುತ್ತೆಲ್ಲಾ ಅದರಾಗ ಬೀಳತಿದ್ದವು. ಆ ಚೀಲ ತೊಳಿಯೂದು ಯಾರ ಪಾಲಿಗೆ? ನನ್ನ ಪಾಲಿಗೆ. ಕುಂದಾ, ಭಜಿ, ಎಂಜಲ ಬಾಳಿಹಣ್ಣು, ಎಲ್ಲಾ ಕೂಡಿ ಹುಳಿ ನಾತ. ಥೂ!

ಕೆಲವು ವರ್ಷದ ಹಿಂದ ಅವನಿಗೆ ಲಕ್ವಾ ಹೊಡೀತು. ಮಾತು ನಿಂತು, ನುಂಗೂದೂ ನಿಂತು. ಆಸ್ಪತ್ರ್ಯಾಗ ಮೂಗಿನ್ಯಾಗ ನಳಗಿ ಹಾಕಿ ಗಂಜಿ ಬಿಡತಿದ್ರು. ಬಾಯಾಗ ಹನಿ ನೀರು ಹಾಕಿದ್ರೂ ಪುಪ್ಪಸಕ್ಕ ಹೋಗ್ತೈತಿ, ಹಾಕಬ್ಯಾಡ್ರಿ ಅಂದಿದ್ರು ಡಾಕ್ಟರು. ನುಂಗಾಕ ಬರಲಿಲ್ಲಂದ್ರ ಹೊಟ್ಟಿಗೇ ತೂತು ಮಾಡಿ ನಳಗಿ ಇಡೂದು, ಅದೂ ಅವನು ಬದುಕಿದ್ದಷ್ಟು ದಿನ.

ಅಷ್ಟರಾಗ ಮೊದಲ ಒಪ್ಪಿಕೊಂಡಿದ್ದ ಖಾನಾಪುರದ ಆಟ ಬಂತು. ಶೇಖರ ಎಡಗೈ ಬೆರಳು ತೆರದು ಮುಚ್ಚಿ, ಗೊಂಬಿ ಬಾಯಿ ಆಡಿಸಿದಂಗ ಮಾಡಿ, ನನ್ನ ನೋಡಿ ಅಳಾಕ ಹತ್ತಿದ.

"ಆಟ ಬಿಡಬ್ಯಾಡ್ರಿ ಅನ್ನಾಕತ್ತಾರ್ರಿ ಅಕ್ಕಾರ," ಅಂದ ಢೋಲಕಿ ಬಾರಸೂ ಮಹಬೂಬ. "ನಾ ಹಾಡ್ತೀನಿ, ಗೊಂಬಿ ನೀವು ಹಿಡೀರಿ."

ಸುಡುಗಾಡ ಗೊಂಬಿ! ಆದ್ರೂ ತಮ್ಮನ ಮುಖ ನೋಡಿ ಹೂಂ ಅಂದೆ.

ಸಾಲಿ ಸಭಾಗೃಹದಾಗ ಮಧ್ಯಾಹ್ನ ಆಟ. ಮುಂದಿನ ಸಾಲಿನ್ಯಾಗ ಒಬ್ಬಾಕಿ ಮುದುಕಿ ಮೊಮ್ಮಗಳನ್ನ ತೊಡಿ ಮ್ಯಾಲೆ ಕುಂದರಿಸಿಕೊಂಡು, ಜ್ವಾಳದ ರೊಟ್ಟಿ ತಾನು ಅಗದು ಅಗದು ಅದರ ಬಾಯಿಗೆ ಇಡತಿದ್ಲು. ಮುದುಕಿ ಬಾಯಿ ಎಲಿ-ಅಡಕಿಯಿಂದ ಕೆಂಪಗ. ಅಷ್ಟು ಸಾಲಲಿಲ್ಲ ಅಂತ ಎದ್ದು ಬಂದು, ಅಗದ ತುತ್ತು ಬಾಯಾಗಿಂದ ತಗದು, "ಖಾ ಬಾಳಾ, ಖಾ" ಅಂತ, ತಿನ್ನು ಕೂಸ ಅಂತ ಮರಾಠಿಯಾಗ ರಮಿಸಿ, ಹೊಟ್ಟೆಪ್ಪನ ಬಾಯಾಗ ತುರುಕಿದ್ಲು. ಕೆಂಪು ಜೊಲ್ಲು ನನ್ನ ಮುಂಗೈ ಮ್ಯಾಲೆ ಇಳೀತು. ಮಂದಿ ನಕ್ರು. ಗೊಂಬಿ ಹಿಡದಿದ್ದೆ, ಒರಸಿಕೊಳ್ಳಾಕೂ ಬರಲಿಲ್ಲ.

ಆಟ ಮುಗಿಸಿ ಹಿಂದಿನ ಬಯಲಾಗ ಚೀಲ ಕೊಡವಿದೆ. ಚುರಮುರಿ ಬಿತ್ತು, ಬಿಸ್ಕೀಟು ಬಿತ್ತು, ಕುಂದಾ ಬಿತ್ತು. ಆ ಕೆಂಪು ತುತ್ತು ಇಲ್ಲ. ಚೀಲಕ್ಕ ಕಲೆ ಸುದ್ದಾ ಇಲ್ಲ. ಎಲ್ಲೋ ಬಿದ್ದಿರಬೇಕು, ಪೀಡಾ ಹೋತು ಅಂದ್ಕೊಂಡೆ.

ಸಂಜಿಗೆ ಬೆಳಗಾವಿಗೆ ಬಂದು ಆಸ್ಪತ್ರಿ ಹೊಕ್ಕರ, ಶೇಖರನ ಬಾಜು ಕುಂತಿದ್ದ ನನ್ನ ಮಗಳಿಗೆ ನರ್ಸಬಾಯಿ ಬಯ್ಯಾಕತ್ತಿದ್ಲು.

"ಖರೇ ಹೇಳ್ರಿ, ಪೇಶಂಟಿಗೆ ಏನು ತಿನಿಸೀರಿ?"

"ಅವ್ವಾ, ನಿನ್ನಾಣಿ, ಯಾರೂ ಬಂದಿಲ್ಲ," ಅಂತ ಮಗಳು ನನ್ನ ಕೈ ಹಿಡದ್ಲು. "ಮಧ್ಯಾಹ್ನ ಮಾಮಾ ಕಣ್ಣ ಮುಚ್ಚಿಕೊಂಡು ಅಗಿಯಾಕ ಹತ್ತಿದ. ಆಮ್ಯಾಲೆ ನುಂಗಿದ."

ಟವೆಲ್ ಮ್ಯಾಲೆ ಕೆಂಪು ಜೊಲ್ಲು. ಗಲ್ಲ ಕಚ್ಚಿಕೊಂಡಿರಬೇಕು, ರಕ್ತ ಅಂದ್ರು ಡಾಕ್ಟರು. ಆಗಲಿ. ಆದ್ರ ಆ ಜೊಲ್ಲಿನ್ಯಾಗ ರೊಟ್ಟಿ ಚೂರು ಇದ್ದವು. ಮೂಸಿ ನೋಡಿದೆ, ಎಲಿ-ಅಡಕಿ ನಾತ. ನನ್ನ ಮುಂಗೈ ಮ್ಯಾಲೂ ಇನ್ನೂ ಅದ ನಾತ ಇತ್ತು.

ಅವತ್ತಿಂದ ಅವನಿಗೆ ನುಂಗಾಕ ಬಂತು. ನಳಗಿ ತಗದ್ರು. ತಿಂಗಳೊಪ್ಪತ್ತಿಗೆ ಮಾತೂ ಬಂತು. ಮುದುಕಿ ಸುದ್ದಿ ಅವನಿಗೆ ನಾನು ಹೇಳಿಲ್ಲ, ಮಹಬೂಬಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದೆ. ಮನ್ಯಾಗ ಮೊದಲ ಸಲ ತಾಟಿನ ಮುಂದ ಕುಂತಾಗ ಶೇಖರ ಒಂದು ತುತ್ತು ರೊಟ್ಟಿ ತಿಂದು ನನ್ನ ಮುಖ ನೋಡಿ, "ಅಕ್ಕಾ, ಅವತ್ತಿನ ರೊಟ್ಟ್ಯಾಗ ಎಲಿ-ಅಡಕಿ ಯಾಕಿತ್ತು?" ಅಂದ.

ನೀರು ತರ್ತೀನಿ ಅಂತ ಎದ್ದು ಒಳಗ ಹೋದೆ. ತಮ್ಮ ಉಳದ, ಆ ಮುದುಕಿ ಕಾಲಿಗೆ ಬೀಳಬೇಕು ನಾನು, ಖರೇ. ಆದ್ರ ಅವನ ಗಂಟಲು ಏರಿ ಇಳಿಯೂದು ಕಂಡ್ರ ಸಾಕು, ಹೇಸಿಕಿ ಬರ್ತೈತಿ. ದಿನಾ ಅವನಿಗೆ ಬಡಿಸಿ, ನನ್ನ ತಾಟು ತಗೊಂಡು ಗ್ವಾಡಿ ಕಡೆ ಮುಖ ಮಾಡಿ ಕುಂದರ್ತೀನಿ.

"ಬಾ ಅಕ್ಕಾ, ಕೂಡಿ ಉಣ್ಣೂಣು," ಅಂತಾನ.

"ನೀ ಉಣ್ಣಪ್ಪಾ," ಅಂತೀನಿ.